ನೆಲದ ಮೇಲೊಂದು ದೋಣಿ

ಬಿಳಿಗೆರೆಯ ಹೆಸರಿನಲ್ಲಿ ಕೆರೆಯಿದೆ. ಆದರೂ ತೆಂಗಿನ ತೋಟಗಳ ಆ ಸೀಮೆಯಲ್ಲಿ ಬೆಳೆದ ಹುಡುಗನಿಗೆ ದೋಣಿಯ ಹುಟ್ಟು ಹಿಡಿಯುವ ಸಂದರ್ಭ ಅಪರೂಪವೇ ಸರಿ. ಅಲ್ಲಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಯೊಬ್ಬನು ಒಮ್ಮೆ, “ಸಾರ್, ಜಿಮ್ಮಿನಲ್ಲಿ ಹುಟ್ಟು ಹಾಕುವ ಯಂತ್ರವಿದೆ. ಅದರ ಲಿವರನ್ನು ಹತ್ತಕ್ಕಿಟ್ಟು ಎಳೆದರೆ ಮೈ ಬೇಗ ಗಟ್ಟಿಯಾಗುತ್ತದಂತೆ, ನಿಜವೆ?” ಎಂದು ಕೇಳಿದನು. ಉತ್ತರ ಹೇಳುವ ಮೊದಲು ಪ್ರಯೋಗ ಮಾಡುವುದು ಭೌತಶಾಸ್ತ್ರದವರ ಧರ್ಮವಷ್ಟೆ. ನಾವೂ ಹತ್ತಕ್ಕಿಟ್ಟು ಎಳೆದೆವು. ಮರುದಿನ ಸೊಂಟನೋವಿನಿಂದ ಕುಳಿತೇ ಪಾಠ ಹೇಳಬೇಕಾಯಿತು.

ಯಂತ್ರದ ರಚನೆ ಸರಳವಾದುದು. ಜಾರುವ ಪೀಠ, ಪಾದಗಳನ್ನು ಬಿಗಿಯುವ ಪಟ್ಟಿ, ಸರಪಣಿಗೆ ಕಟ್ಟಿದ ಹಿಡಿ. ಸರಪಣಿ ತಿರುಗಿಸುವುದು ರೆಕ್ಕೆಗಳುಳ್ಳ ಒಂದು ಚಕ್ರವನ್ನು. ಅಮೆರಿಕದ ಡ್ರೈಸಿಗಾಕರ್ ಸೋದರರು 1981ರಲ್ಲಿ ಹೊರತಂದ ಮೊದಲ ಮಾದರಿಯಲ್ಲಿ ಈ ಚಕ್ರ ಬೈಸಿಕಲ್ಲಿನದೇ ಆಗಿತ್ತು! ಹಿಡಿಯನ್ನೆಳೆದಾಗ ರೆಕ್ಕೆಗಳು ಗಾಳಿಯನ್ನು ತಳ್ಳುತ್ತವೆ. ನಮಗೆದುರಾಗುವ ತಡೆ ಆ ಗಾಳಿಯದು.

ಲಿವರು ಮಾಡುವುದಿಷ್ಟೆ: ಚಕ್ರದ ಗೂಡಿಗೆ ಹೆಚ್ಚು ಗಾಳಿ ಬಿಡುವುದು, ಇಲ್ಲವೆ ಕಡಮೆ ಬಿಡುವುದು. ಹೆಚ್ಚು ಬಿಟ್ಟರೆ ಚಕ್ರ ಬೇಗ ನಿಧಾನವಾಗಿ, ಪ್ರತಿಯೊಂದು ಎಳೆತವೂ ಭಾರವೆನಿಸುವುದು. ಆದರೆ ಚಕ್ರ ಹೇಗೆ ನಿಧಾನವಾಗುತ್ತದೆಂಬುದನ್ನು ಮಾಪಕವು ಅಳೆದುಕೊಂಡೇ ಲೆಕ್ಕ ಹಾಕುವುದರಿಂದ ಭಾರಕ್ಕೆಂದು ಪ್ರತ್ಯೇಕ ಅಂಕ ದೊರೆಯದು. ಸಾಮಾನ್ಯರಿಗೆ ಮೂರರಿಂದ ಐದು ಸಾಕು.

ಮುಖ್ಯವಾದುದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕನುಗುಣವಾಗಿಯೂ, ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕನುಗುಣವಾಗಿಯೂ ಏರುತ್ತವೆ. 500 ಮೀಟರನ್ನು ಎರಡೂವರೆ ನಿಮಿಷದಲ್ಲಿ ಮುಗಿಸಲು ಸುಮಾರು 104 ವಾಟ್ ಬೇಕು. ಎರಡೇ ನಿಮಿಷದಲ್ಲಿ ಮುಗಿಸಲು 203 ವಾಟ್! ಉಳಿದದ್ದು ಅರ್ಧ ನಿಮಿಷ, ತೆತ್ತದ್ದು ಇಮ್ಮಡಿ.

ನೂರು ವಾಟ್ ಎಂದರೆಷ್ಟು? 10 ಮೀಟರ್ ಆಳದ ಬಾವಿಯಿಂದ 15 ಕಿಲೋಗ್ರಾಂ ತೂಗುವ ಕೊಡವನ್ನು 15 ಸೆಕೆಂಡಿಗೊಂದರಂತೆ ಬಿಡದೆ ಸೇದಿದರೆ ಹೆಚ್ಚುಕಡಮೆ ಅಷ್ಟಾಗುವುದು. ಕೊಳವೆಬಾವಿಗಳಿಗೆ ಮುಂಚಿನ ಕಾಲದ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಬಾವಿಯಲ್ಲಿ ತೋಳು ದುಡಿದರೆ ಇಲ್ಲಿ ಕಾಲು ದುಡಿಯಬೇಕು. ಮೊದಲು ಕಾಲುಗಳಿಂದ ಒದ್ದು, ಆಮೇಲೆ ಮುಂಡವನ್ನು ತುಸು ಹಿಂದಕ್ಕೆ ಬಾಗಿಸಿ, ಕಡೆಗೆ ತೋಳನ್ನೆಳೆಯುವುದು. ಮರಳುವಾಗ ತೋಳು, ಮುಂಡ, ಕಾಲು. ತೊಡೆಯ ದೊಡ್ಡ ಸ್ನಾಯುಗಳು ಹೊರಬೇಕಾದ ಹೊರೆಯನ್ನು, ಬೆನ್ನು ಬಗ್ಗಿಸಿಕೊಂಡೇ ಸೊಂಟದ ಮೇಲೆ ಹಾಕಿದ್ದೇ ನಮ್ಮ ತಪ್ಪು.

ಇನ್ನು ಬೊಜ್ಜಿನ ಮಾತು. ನೂರು ವಾಟಿನಂತೆ ಅರ್ಧ ಗಂಟೆ ಎಳೆದರೆ ಆಗುವ ಕೆಲಸ 1,80,000 ಜೂಲ್, ಅಂದರೆ 43 ಕಿಲೋಕ್ಯಾಲೊರಿ. ದೇಹವು ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಮಾತ್ರ ಕೆಲಸವಾಗಿ ಉಳಿದದ್ದು ಶಾಖವಾಗುವುದರಿಂದ, ಒಟ್ಟು ಖರ್ಚು 215ರಷ್ಟು. ತಿಪಟೂರಿನ ಹೆಮ್ಮೆಯ ಕೊಬ್ಬರಿ 33 ಗ್ರಾಂ ತಿಂದರೆ ಅದಷ್ಟೂ ಮರಳಿ ಬಂದಂತೆಯೇ! ಬೆಲ್ಲವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ವಿದ್ಯಾರ್ಥಿಯ ಮುಖ ಬಾಡಿತು. ಆದರೆ ಹೃದಯ ಶ್ವಾಸಕೋಶಗಳಿಗಾಗುವ ಲಾಭ ಕೊಬ್ಬರಿಯ ತಕ್ಕಡಿಯಲ್ಲಿ ತೂಗುವಂಥದಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರ್ಧ ಗಂಟೆಯಂತೆ ಐದು ದಿನ.

ಈಗ ಆತನ ಲಿವರು ನಾಲ್ಕರಲ್ಲಿದೆ. ಸೊಂಟ ಸರಿಹೋದ ಮೇಲೆ ನಮ್ಮದೂ ಅಲ್ಲಿಯೇ ನಿಂತಿದೆ. ಅವನು 500 ಮೀಟರನ್ನು ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಮುಗಿಸುತ್ತಾನೆ. ನಾವಿನ್ನೂ ಎರಡೂವರೆ ನಿಮಿಷದ ಆಚೆಗೇ ಇದ್ದೇವೆ.