ಫೈಲು ಮುಟ್ಟದ ಗೋಡೆ

ದವಡೆ ಹಲ್ಲಿನ ನೋವು ತಡೆಯಲಾರದೆ ಮಲೆಬೆನ್ನೂರಿನಿಂದ ದಾವಣಗೆರೆಗೆ ಹೋಗುವವರಿಗೆ ಅಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಅವುಗಳಲ್ಲಿ ಬಾಪೂಜಿ ಕಾಲೇಜು 1979ರಲ್ಲೇ ಶುರುವಾದದ್ದು. ಹಲ್ಲು ಕೀಳಿಸದೆ ರೂಟ್ ಕೆನಾಲ್‌ಗೆ ಒಪ್ಪಿದವರು ಕೇಳಬಹುದಾದ ಪ್ರಶ್ನೆ, ‘ಕೈಯಲ್ಲಿ ಮಾಡ್ತೀರೋ, ಮೆಷಿನ್ನಲ್ಲೋ?’ ಕೇಳಬೇಕಾದದ್ದೇ. ಆದರೆ ಅಷ್ಟಕ್ಕೇ ನಿಂತರೆ ಹಲ್ಲು ಬಾಳುವುದು ಯಾವುದರಿಂದ ಎಂಬುದು ಬಿಟ್ಟುಹೋಗುತ್ತದೆ.

ದವಡೆ ಹಲ್ಲಿನ ಬೇರಿನ ನಾಳ ಸಾಮಾನ್ಯವಾಗಿ ಬಾಗಿರುತ್ತದೆ. ಅದನ್ನು ಕೊರೆದು ಸ್ವಚ್ಛಗೊಳಿಸುವ ಸ್ಟೀಲಿನ ಫೈಲು ದಪ್ಪವಾದಷ್ಟೂ ಬಿಗಿ. ಬಾಗಿದ ಕಡೆ ನೆಟ್ಟಗಾಗಲು ಹೆಣಗಿ ತುದಿಯ ಹತ್ತಿರ ಹೊರಗೋಡೆಯನ್ನು ಕೊರೆಯುತ್ತದೆ. 1988ರಲ್ಲಿ ಅಮೆರಿಕದಲ್ಲಿ ವಾಲಿಯಾ ಮತ್ತು ಸಂಗಡಿಗರು ನಿಕೆಲ್-ಟೈಟೇನಿಯಂ ತಂತಿಯಿಂದ ಫೈಲು ಮಾಡಿ ತೋರಿಸಿದ ಮೇಲೆ ಈ ತೊಡಕು ಸಡಿಲವಾಯಿತು. ಬಾಗಿದರೂ ಮತ್ತೆ ತನ್ನ ಆಕಾರಕ್ಕೆ ಮರಳುವ ಲೋಹವಾದ್ದರಿಂದ ಅದನ್ನು ಮೋಟಾರಿಗೆ ಹಾಕಿ ತಿರುಗಿಸಲು ಸಾಧ್ಯವಾಯಿತು. ಇಂಥ ಫೈಲುಗಳಲ್ಲಿ ಪ್ರೊಟೇಪರ್ ಎಂಬ ಬ್ರಾಂಡು ಒಂದೇ ದಿಕ್ಕಿಗೆ ಸುತ್ತುತ್ತದೆ. ಅದರಲ್ಲಿ ಒಂದಾದ ಮೇಲೊಂದು ಫೈಲು ಬಳಸಬೇಕು. 2011ರಲ್ಲಿ ಬಂದ ವೇವ್‌ಒನ್, ರೆಸಿಪ್ರಾಕ್ ಹಿಂದಕ್ಕೂ ಮುಂದಕ್ಕೂ ತಿರುಗುತ್ತವೆ: ಕೊರೆಯುವ ದಿಕ್ಕಿಗೆ ಹೆಚ್ಚು, ಬಿಡಿಸಿಕೊಳ್ಳುವ ದಿಕ್ಕಿಗೆ ಕಡಿಮೆ. ಇದರಿಂದ ಸಿಕ್ಕಿಕೊಂಡು ತಿರುಚಿ ಮುರಿಯುವ ಭಯ ಇಳಿಯುತ್ತದೆ, ಅನೇಕ ಸಲ ಒಂದೇ ಫೈಲು ಸಾಕಾಗುತ್ತದೆ. ಹಾಗಿದ್ದರೂ ಯಾವುದೇ ನಿಕೆಲ್-ಟೈಟೇನಿಯಂ ಫೈಲೂ ಬಾಗಿನಲ್ಲಿ ಸುತ್ತಿ ಸುತ್ತಿ ದಣಿದು, ಸುಳಿವೇ ಕೊಡದೆ ಮುರಿಯಬಲ್ಲದು. ಎಷ್ಟು ಸಲ ಬಳಸಿದ್ದಾಯಿತು ಎಂಬ ಲೆಕ್ಕವನ್ನು ವೈದ್ಯರು ಇಡಲೇಬೇಕು.

ಇನ್ನು ಸ್ವಚ್ಛತೆಯ ಮಾತು. 2001ರಲ್ಲಿ ಜ್ಯೂರಿಕ್‌ನ ಪೀಟರ್ಸ್ ಮತ್ತು ಸಂಗಡಿಗರು ಮೇಲಿನ ದವಡೆ ಹಲ್ಲುಗಳನ್ನು ಮೈಕ್ರೋ ಸಿ.ಟಿ.ಯಲ್ಲಿ ನೋಡಿದರು. ಕೈ ಫೈಲಿರಲಿ, ತಿರುಗುವ ಫೈಲಿರಲಿ, ನಾಳದ ಗೋಡೆಯಲ್ಲಿ ಶೇ. 35ರಷ್ಟೋ ಅದಕ್ಕೂ ಹೆಚ್ಚೋ ಭಾಗ ಹಾಗೇ ಉಳಿದಿತ್ತು. ಫೈಲು ಕೊರೆಯುವುದು ದುಂಡಗೆ; ನಾಳ ಎಷ್ಟೋ ಕಡೆ ಚಪ್ಪಟೆ, ಅದಕ್ಕೆ ಕವಲುಗಳೂ ಇವೆ. ಅಲ್ಲಿ ಅಡಗಿದ ರೋಗಾಣುಗಳನ್ನು ಕೊಲ್ಲುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಅದಕ್ಕೆ ಸಮಯ ಬೇಕು. ದಿನದ ಕೂಲಿ ಬಿಟ್ಟು ಬಂದವರಿಗೆ ಬೇಗ ಮುಗಿಯುವುದೇ ದೊಡ್ಡ ಉಪಕಾರವಲ್ಲವೇ ಎಂದರೆ, ಹೌದು. ಒಂದೇ ಭೇಟಿಯಲ್ಲಿ ಮುಗಿಸುವುದನ್ನು ನಾನು ವಿರೋಧಿಸುತ್ತಿಲ್ಲ. ಮೆಷಿನ್ನು ಉಳಿಸಿಕೊಟ್ಟ ನಿಮಿಷಗಳು ತೊಳೆಯುವುದಕ್ಕೆ ಸಲ್ಲಲಿ ಎನ್ನುತ್ತೇನೆ. ಹಾಗಾದರೆ ಕೈ ಫೈಲೇ ಸಾಲದೇ? ನೇರ ನಾಳದ ಮುಂದಿನ ಹಲ್ಲಿಗೆ ನುರಿತ ಕೈ ಸಾಕು; ಬಾಗಿದ ದವಡೆ ಹಲ್ಲಿಗೆ ನಿಕೆಲ್-ಟೈಟೇನಿಯಂ ಬೇಕೇ ಬೇಕು. ಬ್ರಾಂಡಿನ ಆಯ್ಕೆ ಆಮೇಲಿನದು. ಎಂಜಲು ಒಳಗಿಳಿಯದಂತೆ ರಬ್ಬರ್ ಡ್ಯಾಮ್ ಹಾಕುತ್ತಾರೆಯೇ ಎಂದು ಮೊದಲು ಕೇಳಿ. ನೋವು ಹೋಯಿತೆಂದು ಮೇಲೆ ಕ್ಯಾಪ್ ಹಾಕಿಸದೆ ತಾತ್ಕಾಲಿಕ ಸಿಮೆಂಟಿನಲ್ಲೇ ತಿಂಗಳುಗಟ್ಟಲೆ ಬಿಟ್ಟ ಹಲ್ಲಿಗೆ ಮತ್ತೆ ಸೋಂಕು ತಗಲಬಹುದು ಅಥವಾ ಅದು ಸೀಳಬಹುದು. ಕೈಯಲ್ಲಿ ಹಣ ಕಡಿಮೆಯಿದ್ದರೆ ದುಬಾರಿ ಫೈಲಿಗಿಂತ ಕ್ಯಾಪಿಗೆ ತೆಗೆದಿಡುವುದು ಮೇಲು.