ಬಂಡೀಪುರ ಅರಣ್ಯ ಮಾರ್ಗದ ವಾಹನ ಪ್ರಯಾಣ

ಚಾಮರಾಜನಗರ ಜಿಲ್ಲೆಯ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ. ಇವು ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತವೆ. ರಾಷ್ಟ್ರೀಯ ಹೆದ್ದಾರಿ 766 ಕೇರಳದ ಸುಲ್ತಾನ್ ಬತ್ತೇರಿಯ ಕಡೆಗೂ, ರಾಷ್ಟ್ರೀಯ ಹೆದ್ದಾರಿ 181 ತಮಿಳುನಾಡಿನ ಗೂಡಲೂರು ಹಾಗೂ ಊಟಿಯ ಕಡೆಗೂ ಸಾಗುತ್ತವೆ. ಹಿಂದೆ ಇವುಗಳ ಸಂಖ್ಯೆ ಕ್ರಮವಾಗಿ 212 ಮತ್ತು 67 ಆಗಿತ್ತು. ರಾತ್ರಿ ಸಂಚಾರದ ಮೇಲೆ ನಿರ್ಬಂಧವಿರುವುದರಿಂದ ಈ ಮಾರ್ಗದ ಪ್ರಯಾಣವನ್ನು ಸಮಯಕ್ಕೆ ಅನುಗುಣವಾಗಿ ಯೋಜಿಸಬೇಕಾಗುತ್ತದೆ.

ಅನುಮತಿಯ ನಿಯಮ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಕಲಮಿನ ಪ್ರಕಾರ ಅಭಯಾರಣ್ಯವನ್ನು ಪ್ರವೇಶಿಸಲು ಅನುಮತಿ ಬೇಕು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಇದರಿಂದ ವಿನಾಯಿತಿ ಇದೆ. ರಾಷ್ಟ್ರೀಯ ಉದ್ಯಾನಗಳಿಗೂ ಈ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಮುಂದೆ ಸಾಗುವವರಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಆದರೆ ಹೆದ್ದಾರಿಯನ್ನು ಬಿಟ್ಟು ಕಾಡಿನ ದಾರಿಗೆ ವಾಹನವನ್ನು ತಿರುಗಿಸಿದರೆ ಅದು ಅನುಮತಿಯಿಲ್ಲದ ಪ್ರವೇಶವಾಗುತ್ತದೆ. ವನ್ಯಪ್ರಾಣಿಗಳ ವೀಕ್ಷಣೆಗೆ ಅರಣ್ಯ ಇಲಾಖೆಯ ಸಫಾರಿಯಲ್ಲಿಯೇ ಹೋಗಬೇಕು.

ರಾತ್ರಿ ಸಂಚಾರ ನಿರ್ಬಂಧ

ವಾಹನಗಳಿಗೆ ಸಿಲುಕಿ ವನ್ಯಪ್ರಾಣಿಗಳು ಸಾಯುತ್ತಿದ್ದ ಕಾರಣ ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನ್‌ನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತಾದರೂ, ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಹೈಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದು, 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬ್ಯುಲೆನ್ಸ್‌ನಂತಹ ತುರ್ತು ವಾಹನಗಳಿಗೂ ಸೀಮಿತ ಸಂಖ್ಯೆಯ ಬಸ್ಸುಗಳಿಗೂ ವಿನಾಯಿತಿ ಇದೆ.

ಈ ನಿರ್ಬಂಧದಿಂದ ವ್ಯಾಪಾರಕ್ಕೂ ಜನರ ಓಡಾಟಕ್ಕೂ ತೊಂದರೆಯಾಗುತ್ತದೆ ಎಂದು ಕೇರಳವು ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಹೆದ್ದಾರಿ 766ನ್ನು ಹಗಲಿನಲ್ಲಿಯೂ ಮುಚ್ಚುವ ಪ್ರಶ್ನೆ 2019ರಲ್ಲಿ ನ್ಯಾಯಾಲಯದ ಮುಂದೆ ಬಂದಾಗ ವಯನಾಡಿನಲ್ಲಿ ವ್ಯಾಪಕ ಪ್ರತಿಭಟನೆ ನಡೆಯಿತು.

ಹಾಸನ ಜಿಲ್ಲೆಯಿಂದ ಮಾರ್ಗಗಳು

ಬಾಗೂರು ಮತ್ತು ಚನ್ನರಾಯಪಟ್ಟಣದ ಕಡೆಯವರು ಮೈಸೂರು, ನಂಜನಗೂಡುಗಳ ಮೂಲಕ ಗುಂಡ್ಲುಪೇಟೆಯನ್ನು ತಲುಪಬಹುದು. ಹೊಳೆನರಸೀಪುರದವರು ಕೃಷ್ಣರಾಜನಗರದ ಮೂಲಕ ಮೈಸೂರಿಗೆ ಬಂದು ಇದೇ ದಾರಿಯನ್ನು ಹಿಡಿಯುತ್ತಾರೆ. ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿ.ಮೀ. ದೂರವಿದೆ. ಅಲ್ಲಿಂದ ಮುಂದೆ ಅರಣ್ಯದ ಚೆಕ್‌ಪೋಸ್ಟ್ ಇರುವುದರಿಂದ ಸಂಜೆ 6 ಗಂಟೆಯೊಳಗೆ ಮೈಸೂರನ್ನು ಬಿಡುವುದು ಕ್ಷೇಮಕರ.

ಅರಕಲಗೂಡಿನ ಕಡೆಯಿಂದ ವಯನಾಡಿಗೆ ಹೋಗುವವರಿಗೆ ರಾಮನಾಥಪುರ, ಪಿರಿಯಾಪಟ್ಟಣ, ಹುಣಸೂರುಗಳ ಮೂಲಕ ಗೋಣಿಕೊಪ್ಪ, ಕುಟ್ಟ ಮತ್ತು ಮಾನಂದವಾಡಿಯನ್ನು ಸೇರುವ ಮಾರ್ಗವಿದೆ. ರಾತ್ರಿ ಸಂಚಾರಕ್ಕೆ ಬದಲಿ ಮಾರ್ಗವೆಂದು ಸೂಚಿಸಲಾಗಿರುವುದೂ ಹುಣಸೂರು–ಗೋಣಿಕೊಪ್ಪ–ಕುಟ್ಟ ರಸ್ತೆಯನ್ನೇ. ಈ ರಸ್ತೆಯೂ ಆನೆಗಳಿರುವ ಕಾಡಿನ ಮೂಲಕವೇ ಹೋಗುತ್ತದೆ. ನಾಗರಹೊಳೆ ಅರಣ್ಯದ ಮೂಲಕ ಬಾವಲಿಗೆ ಹೋಗುವ ಮೈಸೂರು–ಮಾನಂದವಾಡಿ ರಸ್ತೆಯು ಇದಕ್ಕಿಂತ ಭಿನ್ನವಾದುದು. ಅದು ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ.

ನೀಲಗಿರಿಯ ಇ-ಪಾಸ್

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಬರುವ ಪ್ರವಾಸಿ ವಾಹನಗಳು ಅಂತರ್ಜಾಲದಲ್ಲಿ ಇ-ಪಾಸ್ ಪಡೆಯಬೇಕಾಯಿತು. ಸರ್ಕಾರಿ ಬಸ್ಸಿನ ಪ್ರಯಾಣಿಕರಿಗೆ ಇದು ಅನ್ವಯಿಸುವುದಿಲ್ಲ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000 ಮತ್ತು ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನು ನಿಗದಿಪಡಿಸಲಾಗಿತ್ತು. ಆದುದರಿಂದ ಬೇಸಿಗೆ ರಜೆಯಲ್ಲಿ ಹೊರಡುವವರು ಮುಂಚಿತವಾಗಿ ಪಾಸನ್ನು ಪಡೆಯುವುದು ಸೂಕ್ತ. ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೂ ನಿಷೇಧವಿದೆ.

ಮುನ್ನೆಚ್ಚರಿಕೆಗಳು

ಗುಂಡ್ಲುಪೇಟೆಯಲ್ಲಿಯೇ ಇಂಧನ, ಕುಡಿಯುವ ನೀರು ಮತ್ತು ಟೈರುಗಳನ್ನು ಪರಿಶೀಲಿಸಿಕೊಳ್ಳಬೇಕು. ಕಾಡಿನೊಳಗೆ ವಾಹನ ನಿಲ್ಲಿಸುವುದು, ಕೆಳಗಿಳಿಯುವುದು ಮತ್ತು ಪ್ರಾಣಿಗಳಿಗೆ ಆಹಾರ ಕೊಡುವುದು ನಿಷಿದ್ಧ. ಆನೆಯು ರಸ್ತೆಯಲ್ಲಿದ್ದರೆ ಹಾರ್ನ್ ಮಾಡದೆ ಸಾಕಷ್ಟು ದೂರದಲ್ಲಿ ಕಾಯಬೇಕು. ಮರಳುವ ಪ್ರಯಾಣಕ್ಕೂ ಇದೇ ಸಮಯದ ಮಿತಿಯಿದೆ. ತಡವಾದಲ್ಲಿ ವೇಗವನ್ನು ಹೆಚ್ಚಿಸುವ ಬದಲು ಸುಲ್ತಾನ್ ಬತ್ತೇರಿ ಅಥವಾ ಗೂಡಲೂರಿನಲ್ಲಿ ತಂಗಿ, ಬೆಳಗ್ಗೆ 6ರ ನಂತರ ಹೊರಡುವುದು ಪ್ರಯಾಣಿಕರಿಗೂ ವನ್ಯಜೀವಿಗಳಿಗೂ ಸುರಕ್ಷಿತ.