ಹಿರೇಮದ್ದಿನ ಬೇರು ಮತ್ತು ನಿದ್ರೆಯ ಅಳತೆ

ದಕ್ಷಿಣ ಭಾರತದ ಮಳೆ ಕಡಿಮೆಯಿರುವ ಸೀಮೆಗಳಲ್ಲಿ, ಹೊಲದ ಬದು, ಬೇಲಿಯಂಚು ಹಾಗೂ ಪಾಳು ನೆಲಗಳಲ್ಲಿ ತಾನಾಗಿ ಹುಟ್ಟಿ ಬೆಳೆಯುವ, ಬೂದು ಛಾಯೆಯ ರೋಮಭರಿತ ಎಲೆಗಳ, ತೆಳುಪೊರೆಯ ಚೀಲದೊಳಗೆ ಕೆಂಪು ಹಣ್ಣು ಬಿಡುವ ಗಿಡ್ಡ ಪೊದೆಯೊಂದನ್ನು ಕನ್ನಡದಲ್ಲಿ ಹಿರೇಮದ್ದಿನ ಗಿಡವೆಂದೂ ತೆಲುಗಿನಲ್ಲಿ ಪೆನ್ನೇರು ಎಂದೂ ತಮಿಳಿನಲ್ಲಿ ಅಮುಕ್ಕರಾ ಎಂದೂ ಕರೆಯುತ್ತಾರೆ. ಸಂಸ್ಕೃತ ವೈದ್ಯಗ್ರಂಥಗಳ ಅಶ್ವಗಂಧ ಇದೇ. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ ಭಾಗಗಳಲ್ಲಿ ಈ ಮೂರೂ ಭಾಷೆಗಳು ಅಕ್ಕಪಕ್ಕದ ಮನೆಗಳಲ್ಲಿ ಬಳಕೆಯಲ್ಲಿರುವುದರಿಂದ, ಗ್ರಂಧಿಗೆ ಅಂಗಡಿಯ ಒಂದೇ ಬೇರನ್ನು ಮೂರು ಹೆಸರುಗಳಿಂದ ಕೇಳಿ ಕೊಳ್ಳುವುದು ಅಲ್ಲಿ ಸಹಜ. ಆಯುರ್ವೇದ ಮತ್ತು ಸಿದ್ಧ ಎಂಬ ಎರಡು ವೈದ್ಯಪದ್ಧತಿಗಳೂ ಈ ಬೇರನ್ನು ತಮ್ಮದೆಂದು ಬಳಸುತ್ತ ಬಂದಿವೆ.

ಈಗ ಈ ಬೇರು ಮಾರಾಟವಾಗುವುದು ಹೆಚ್ಚಾಗಿ ನಿದ್ರೆ ಮತ್ತು ಮನಶ್ಶಾಂತಿಯ ಹೆಸರಿನಲ್ಲಿ. ಆದರೆ ಚರಕಸಂಹಿತೆ ಅಶ್ವಗಂಧವನ್ನು ಸೇರಿಸಿರುವುದು ಬಲ್ಯ, ಅಂದರೆ ಬಲ ಕೊಡುವ, ಮತ್ತು ಬೃಂಹಣೀಯ, ಅಂದರೆ ಮೈಯನ್ನು ಪುಷ್ಟಿಗೊಳಿಸುವ ದ್ರವ್ಯಗಳ ಗಣಗಳಲ್ಲಿ. ಬಳಲಿದ ದೇಹಕ್ಕೆ ಶಕ್ತಿ ತುಂಬಿ ಆ ಮೂಲಕ ನಿದ್ರೆ ತರುವುದು ಒಂದು ಬಗೆ, ಮಿದುಳಿನ ಮೇಲೆ ನೇರವಾಗಿ ಕೆಲಸ ಮಾಡಿ ಮಂಪರು ತರುವುದು ಇನ್ನೊಂದು ಬಗೆ. ಇವೆರಡರಲ್ಲಿ ಹಿರೇಮದ್ದು ಯಾವುದನ್ನು ಮಾಡುತ್ತದೆ ಎಂಬುದನ್ನು ಪರಂಪರೆಯ ಮೇಲಿನ ಗೌರವದಿಂದ ತೀರ್ಮಾನಿಸಲಾಗದು, ಪರೀಕ್ಷೆಯಿಂದ ಮಾತ್ರ ತಿಳಿಯಬಹುದು. ಪರಂಪರೆಯ ಮದ್ದನ್ನು ಪರೀಕ್ಷೆಗೆ ಒಡ್ಡುವುದು ಅದಕ್ಕೆ ಮಾಡುವ ಅವಮಾನವೆಂಬ ಭಾವನೆ ಇಂದಿಗೂ ಅಲ್ಲಲ್ಲಿ ಉಳಿದಿದೆ. ವಾಸ್ತವದಲ್ಲಿ, ನಂಬಿ ನುಂಗುವ ರೋಗಿಗೆ ಸಲ್ಲಿಸಬೇಕಾದ ಕನಿಷ್ಠ ಗೌರವವೇ ಪರೀಕ್ಷೆ.

ಮೊದಲ ಹೆಜ್ಜೆ ಗಿಡವನ್ನು ಗುರುತಿಸುವುದು. ಪರೀಕ್ಷೆಗೆ ತಂದ ಗಿಡದ ಹೂವು, ಎಲೆ, ಕಾಯಿಗಳಿರುವ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ, ಸಂಖ್ಯೆ ಕೊಟ್ಟು, ಸಸ್ಯಸಂಗ್ರಹಾಲಯದಲ್ಲಿ ಸಾಕ್ಷಿಯಾಗಿ ಇಡಬೇಕು. ತಮಿಳುನಾಡಿನಲ್ಲಿ ಇಂಥ ಗುರುತಿಗೆ ಕೊಯಮತ್ತೂರಿನಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣೆಯ ದಕ್ಷಿಣ ವಲಯದ ಸಂಗ್ರಹಾಲಯವನ್ನು ಸಂಶೋಧಕರು ಆಶ್ರಯಿಸುತ್ತಾರೆ. ಹಿರೇಮದ್ದು ಟೊಮೆಟೊ, ಬದನೆಗಳ ಕುಟುಂಬಕ್ಕೆ ಸೇರಿದ್ದು, ವಿಷಕಾರಿ ದತ್ತೂರಿಯೂ ಅದೇ ಕುಟುಂಬದ್ದು ಎಂಬುದನ್ನು ನೆನೆದರೆ ಈ ಎಚ್ಚರ ಅತಿಯೆನಿಸುವುದಿಲ್ಲ.

ಅನಂತರದ ಹೆಜ್ಜೆ ಪ್ರಾಣಿಗಳ ಮೇಲಿನ ಪ್ರಯೋಗ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದ ಮೇಲೆ, ಸಾಮಾನ್ಯವಾಗಿ ಒಂದು ಗುಂಪಿಗೆ ಆರರಂತೆ ಬಿಳಿ ಸುಂಡಿಲಿಗಳನ್ನು ವಿಂಗಡಿಸಿ, ಒಂದು ಗುಂಪಿಗೆ ಬರಿಯ ದ್ರಾವಕವನ್ನೂ, ಒಂದಕ್ಕೆ ಡಯಾಜೆಪಾಮ್‌ನಂಥ ಪರಿಚಿತ ಶಾಮಕ ಔಷಧಿಯನ್ನೂ, ಉಳಿದವುಗಳಿಗೆ ಬೇರಿನ ಸಾರವನ್ನು ಬೇರೆ ಬೇರೆ ಪ್ರಮಾಣಗಳಲ್ಲಿಯೂ ಕೊಡುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ ಎಲ್ಲಕ್ಕೂ ಪೆಂಟೊಬಾರ್ಬಿಟಾಲ್ ಎಂಬ ನಿದ್ರಾಜನಕದ ಚುಚ್ಚುಮದ್ದು ನೀಡಿ, ಅಂಗಾತ ಮಲಗಿಸಿದ ಇಲಿ ಮಗುಚಿಕೊಂಡು ಕಾಲೂರುವ ಸಹಜ ಪ್ರತಿವರ್ತನೆಯನ್ನು ಯಾವಾಗ ಕಳೆದುಕೊಂಡಿತು, ಯಾವಾಗ ಮರಳಿ ಪಡೆಯಿತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳುತ್ತಾರೆ. ಸಾರ ಕೊಟ್ಟ ಇಲಿಗಳು ಬೇಗ ಮಲಗಿ ಹೆಚ್ಚು ಹೊತ್ತು ಮಲಗಿದ್ದರೆ ಆ ಸಾರಕ್ಕೆ ನಿದ್ರಾಕಾರಕ ಗುಣವಿದೆ ಎಂದು ಹೇಳುವುದು ರೂಢಿ.

ಈ ರೂಢಿಯಲ್ಲೇ ದೊಡ್ಡದೊಂದು ತೊಡಕು ಅಡಗಿದೆ. ಪೆಂಟೊಬಾರ್ಬಿಟಾಲ್ ದೇಹದಿಂದ ಇಲ್ಲವಾಗುವುದು ಯಕೃತ್ತಿನ ಕಿಣ್ವಗಳು ಅದನ್ನು ಒಡೆಯುವುದರಿಂದ; ಪರೀಕ್ಷಿಸುತ್ತಿರುವ ಸಾರವು ಆ ಕಿಣ್ವಗಳನ್ನು ತಡೆದರೆ ಸಾಕು, ಮಿದುಳಿನ ಮೇಲೆ ಅದರ ಪ್ರಭಾವ ಏನೂ ಇಲ್ಲದಿದ್ದರೂ ಇಲಿಯ ನಿದ್ರೆ ಉದ್ದವಾಗುತ್ತದೆ. ಮೆಣಸು ಮತ್ತು ಹಿಪ್ಪಲಿಗಳಲ್ಲಿರುವ ಪೈಪರಿನ್ ಎಂಬ ಖಾರದ ಅಂಶ ಹೀಗೆ ಕಿಣ್ವಗಳನ್ನು ತಡೆಯಬಲ್ಲದು. ಸಿದ್ಧವೈದ್ಯದ ಪ್ರಸಿದ್ಧ ಅಮುಕ್ಕರಾ ಚೂರ್ಣದಲ್ಲಿ ಈ ಬೇರಿನ ಜೊತೆಗೆ ಶುಂಠಿ, ಮೆಣಸು, ಹಿಪ್ಪಲಿ, ಏಲಕ್ಕಿ, ಲವಂಗಗಳೂ ಸೇರಿರುವುದರಿಂದ, ಆ ಚೂರ್ಣವನ್ನು ಇಡಿಯಾಗಿ ಇಲಿಗೆ ಕೊಟ್ಟು ಬಂದ ಫಲಿತಾಂಶವನ್ನು ಹಿರೇಮದ್ದಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಇದಕ್ಕೆ ಪರಿಹಾರವೂ ಇದೆ: ಯಕೃತ್ತಿನಲ್ಲಿ ಹೆಚ್ಚಾಗಿ ಒಡೆಯದೆ ಮೂತ್ರದ ಮೂಲಕವೇ ಹೊರಹೋಗುವ ಬಾರ್ಬಿಟಾಲ್ ಬಳಸಿ ಪ್ರಯೋಗವನ್ನು ಮತ್ತೆ ಮಾಡಿದಾಗಲೂ ನಿದ್ರೆ ಹೆಚ್ಚಿದರೆ, ಪ್ರಭಾವ ಮಿದುಳಿನ ಮೇಲೆಯೇ ಆಗಿದೆ ಎನ್ನಲು ಬಲವಾದ ಆಧಾರ ದೊರೆಯುತ್ತದೆ. ಈ ಎರಡನೆಯ ಪ್ರಯೋಗವನ್ನು ಬಿಟ್ಟುಬಿಟ್ಟ ವರದಿಯನ್ನು ಓದುಗರು ಅರೆಮನಸ್ಸಿನಿಂದಲೇ ನಂಬಬೇಕು.

ಅಲುಗಾಡದೆ ಬಿದ್ದಿರುವ ಇಲಿ ನಿದ್ರಿಸುತ್ತಿದೆ ಎಂದೇನೂ ಅಲ್ಲ; ಅದರ ಸ್ನಾಯುಗಳು ಸೋತಿರಬಹುದು, ಅದಕ್ಕೆ ವಿಷವೇರಿರಲೂಬಹುದು. ಆದ್ದರಿಂದ ತಿರುಗುವ ಕೋಲಿನ ಮೇಲೆ ಇಲಿಯನ್ನು ನಿಲ್ಲಿಸಿ ಅದು ಬೀಳದೆ ಎಷ್ಟು ಹೊತ್ತು ನಡೆಯಬಲ್ಲದು ಎಂದು ನೋಡುತ್ತಾರೆ. ಬೆಳಕಿನ ಕಿರಣಗಳು ಹಾಯುವ ಪೆಟ್ಟಿಗೆಯಲ್ಲಿ ಬಿಟ್ಟು, ಅದು ಓಡಾಡುವಾಗ ಕಿರಣ ಎಷ್ಟು ಸಲ ಕಡಿದುಹೋಯಿತು ಎಂದು ಎಣಿಸುತ್ತಾರೆ. ಸಾರದ ಪ್ರಭಾವವನ್ನು ಫ್ಲುಮಜೆನಿಲ್ ಎಂಬ ಔಷಧಿ ಅಳಿಸಿಹಾಕಿದರೆ, ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ನರಸಂದೇಶವಾಹಕದ ಗ್ರಾಹಕಗಳ ಮೂಲಕ, ಡಯಾಜೆಪಾಮ್ ಹಿಡಿಯುವ ದಾರಿಯಲ್ಲೇ, ಆ ಸಾರವೂ ಕೆಲಸ ಮಾಡುತ್ತಿದೆ ಎಂದು ಊಹಿಸಬಹುದು.

ನಿಜವಾದ ನಿದ್ರೆಯನ್ನು ತೋರಿಸಬಲ್ಲದ್ದು ಮಿದುಳಿನ ವಿದ್ಯುತ್ ಅಲೆಗಳ ದಾಖಲೆ ಮಾತ್ರ. ಜಪಾನಿನ ತ್ಸುಕುಬ ವಿಶ್ವವಿದ್ಯಾಲಯದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಿಧಾನವನ್ನು ಅನುಸರಿಸಿದಾಗ, ಅಶ್ವಗಂಧದ ಎಲೆಯಿಂದ ನೀರಿನಲ್ಲಿ ತೆಗೆದ ಸಾರ ಇಲಿಗಳ ಸ್ವಪ್ನರಹಿತ ನಿದ್ರೆಯನ್ನು ಹೆಚ್ಚಿಸಿತು. ಗಿಡದ ಸತ್ವವೆಂದೇ ಎಲ್ಲರೂ ಎಣಿಸಿದ್ದ ವಿಥನೊಲೈಡ್‌ಗಳು ಹೇರಳವಾಗಿದ್ದ, ಮದ್ಯಸಾರದಲ್ಲಿ ತೆಗೆದ ಸಾರ ಹೆಚ್ಚಿಸಲಿಲ್ಲ. ನಿದ್ರೆಗೆ ಕಾರಣವೆಂದು ಆ ತಂಡ ಗುರುತಿಸಿದ್ದು ಟ್ರೈಇಥಿಲೀನ್ ಗ್ಲೈಕಾಲ್ ಎಂಬ ಸರಳ ರಾಸಾಯನಿಕವನ್ನು. ಆದರೆ ಪರಂಪರೆ ಬಳಸುವುದು ಬೇರನ್ನು, ಎಲೆಯನ್ನಲ್ಲ. ಸೇವನೆಯ ಉತ್ಪನ್ನಗಳಲ್ಲಿ ಎಲೆಯನ್ನು ಬಳಸದಂತೆ ಭಾರತದ ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿದೆ. ಹೀಗಾಗಿ ಈ ಫಲಿತಾಂಶವನ್ನು ತೋರಿಸಿ ಬೇರಿನ ಪುಡಿ ಮಾರುವುದು ಸರಿಯಲ್ಲ.

ಇಲಿಯಿಂದ ಮನುಷ್ಯನಿಗೆ ಬಂದಾಗ ಹೊಸ ಕಷ್ಟಗಳು ಎದುರಾಗುತ್ತವೆ; ನಂಬಿಕೆಯ ಪ್ರಭಾವವನ್ನು ಮದ್ದಿನ ಪ್ರಭಾವದಿಂದ ಬೇರ್ಪಡಿಸುವುದು ಅವುಗಳಲ್ಲೊಂದು. ಬೆಂಗಳೂರಿನಲ್ಲಿ ಹೊಸೂರು ರಸ್ತೆಯಲ್ಲೇ ಇರುವ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡ ಕೆಲವೇ ವರ್ಷಗಳಲ್ಲಿ, ಬ್ರಾಹ್ಮ್ಯಾದಿಯೋಗ ಮತ್ತು ತಗರ ಎಂಬ ಆಯುರ್ವೇದ ಔಷಧಿಗಳನ್ನು ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ಪರೀಕ್ಷಿಸಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಯಾರಿಗೆ ಮದ್ದು, ಯಾರಿಗೆ ಹುಸಿಮದ್ದು ಸಿಗುತ್ತಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರದ ವಿಧಾನ ಅದರದು. ನಿದ್ರೆಯ ವಿಷಯದಲ್ಲಿ ಈ ಮರೆಮಾಚುವಿಕೆ ಇನ್ನೂ ಮುಖ್ಯ, ಏಕೆಂದರೆ ಮದ್ದು ತೆಗೆದುಕೊಂಡಿದ್ದೇನೆ ಎಂಬ ನೆಮ್ಮದಿಯೇ ಅರ್ಧ ನಿದ್ರೆ ತರುತ್ತದೆ. ಕುದುರೆಯ ಮೈನಾತವನ್ನು ನೆನಪಿಸುವ ಹಿರೇಮದ್ದಿನ ಬೇರಿಗೆ ವಾಸನೆಯಲ್ಲೂ ರುಚಿಯಲ್ಲೂ ಸಮನಾದ ಹುಸಿಪುಡಿಯನ್ನು ತಯಾರಿಸುವುದು ಸುಲಭವಲ್ಲ. ಸಾರವನ್ನು ಕ್ಯಾಪ್ಸೂಲಿನೊಳಗೆ ತುಂಬಿ ಕೊಡುವುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲೇ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ನಿದ್ರಾಹೀನತೆಯಿದ್ದ 60 ಜನರಿಗೆ ಬೇರಿನ ಸಾರವನ್ನು ಇಲ್ಲವೆ ಹುಸಿಮದ್ದನ್ನು 10 ವಾರ ಕೊಡಲಾಯಿತು. 300 ಮಿಲಿಗ್ರಾಂ ಸಾರವನ್ನು ದಿನಕ್ಕೆರಡು ಸಲ ಪಡೆದವರು ಹಾಸಿಗೆ ಸೇರಿದ ಮೇಲೆ ಹೆಚ್ಚು ಬೇಗ ನಿದ್ರೆಗೆ ಜಾರಿದರು. ಇಂಥ ಐದು ಪರೀಕ್ಷೆಗಳ 400 ಜನರ ವಿವರಗಳನ್ನು ಒಟ್ಟುಗೂಡಿಸಿ 2021ರಲ್ಲಿ ಮಾಡಿದ ವಿಶ್ಲೇಷಣೆ, ಪ್ರಯೋಜನ ಇದೆ, ಆದರೆ ಅದು ಸಣ್ಣದು ಎಂದಿತು. ನಿದ್ರಾಹೀನತೆಯೆಂದು ವೈದ್ಯರು ಗುರುತಿಸಿದವರಲ್ಲಿ, ದಿನಕ್ಕೆ 600 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಾರವನ್ನು ಎಂಟು ವಾರಗಳಾದರೂ ಸೇವಿಸಿದವರಲ್ಲಿ ಅದು ಹೆಚ್ಚು ಸ್ಪಷ್ಟವಾಗಿತ್ತು. ಅಂದರೆ ಒಂದು ರಾತ್ರಿ ನಿದ್ರೆ ಬಾರದವರು ಆ ರಾತ್ರಿಯೇ ನುಂಗಿ ಫಲ ಕಾಣುವ ಗುಳಿಗೆ ಇದಲ್ಲ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲಿನಲ್ಲಿ ಮಲಗಬೇಕಾದ ಕಾರ್ಮಿಕರ ಸಮಸ್ಯೆ ದೇಹದ ಗಡಿಯಾರ ತಲೆಕೆಳಗಾಗಿರುವುದು. ಈ ಅಂಕಿಗಳನ್ನು ಅವರಿಗೆ ಹಾಗೆಯೇ ಅನ್ವಯಿಸಲಾಗದು.

ಪರೀಕ್ಷೆಯಲ್ಲಿ ಗೆದ್ದ ಗಿಡವೂ ಅಪಾಯಮುಕ್ತವಲ್ಲ ಎಂಬುದಕ್ಕೆ ಸರ್ಪಗಂಧಿಯ ಕಥೆ ಸಾಕ್ಷಿ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದರ ಬೇರು ಉಪಯುಕ್ತವೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದ ಮೇಲೆ ಜಗತ್ತಿನ ಮನೋರೋಗ ಆಸ್ಪತ್ರೆಗಳು ಅದನ್ನು ಬರಮಾಡಿಕೊಂಡವು. ಕೆಲವು ರೋಗಿಗಳಲ್ಲಿ ಖಿನ್ನತೆ ಕಾಣಿಸಿಕೊಂಡ ವರದಿಗಳು ಬಂದು, ಬೇರೆ ಔಷಧಿಗಳೂ ದೊರೆತ ಮೇಲೆ ಅದು ಹಿಂದೆ ಸರಿಯಿತು. ಹಿರೇಮದ್ದಿನ ಉತ್ಪನ್ನ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ ದಾಖಲಿಸಿದ್ದಾರೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ಆಹಾರಪೂರಕಗಳಲ್ಲಿ ನಿಷೇಧಿಸಿತು. ಬಸುರಿಯರು, ಥೈರಾಯ್ಡ್ ಇಲ್ಲವೆ ಯಕೃತ್ತಿನ ತೊಂದರೆಯಿರುವವರು, ಈಗಾಗಲೇ ನಿದ್ರೆಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಬೇರಿನ ಪುಡಿಯನ್ನು ಮನೆಮದ್ದೆಂದು ತಾವಾಗಿ ಶುರುಮಾಡದೆ ಮೊದಲು ವೈದ್ಯರನ್ನು ಕೇಳಬೇಕು. ಸೇವಿಸುತ್ತಿದ್ದರೆ, ಅದು ಬರಿಯ ನಾಟಿ ಬೇರು ತಾನೆ ಎಂದು ಮುಚ್ಚಿಡದೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಬೇಕು.